ಹಳೇ ಮನೆಯ ತೊಲೆ, ಇಟ್ಟಿಗೆ, ಮಣ್ಣು ಮತ್ತೆ ಬಳಸಿದರೆ ಊರಿಗೆ ಏನು ಸಿಗುತ್ತದೆ?

ಪ್ರಶ್ನೆ: ಚಿತ್ರದುರ್ಗದ ಹಳೇ ಊರಿನಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮಾಳಿಗೆ ಮನೆ ಇದೆ. ಸುಮಾರು 1,200 ಚದರ ಅಡಿ. ಮುಂದಿನ ಅರ್ಧ ಮಣ್ಣಿನ ಗೋಡೆ, ಮರದ ತೊಲೆ. ಹಿಂದಿನ ಅರ್ಧ ಆಮೇಲೆ ಅಪ್ಪ ಸೇರಿಸಿದ ಇಟ್ಟಿಗೆ, ಆರ್‌ಸಿಸಿ. ಕೆಡವಿ ಹೊಸದು ಕಟ್ಟಬೇಕು ಅಂತಿದ್ದೇವೆ. ಆರ್ಕಿಟೆಕ್ಚರ್ ಓದುತ್ತಿರುವ ಮಗಳು 'ಸರ್ಕ್ಯುಲರ್ ಎಕಾನಮಿ' ಅಂತ ಹೇಳಿ, ಹಳೇ ಸಾಮಾನನ್ನೇ ಮತ್ತೆ ಬಳಸೋಣ ಅನ್ನುತ್ತಾಳೆ. ಮೇಸ್ತ್ರಿ ಮಾತ್ರ, ಜೆಸಿಬಿ ತರಿಸಿದರೆ ಎರಡೇ ದಿನದಲ್ಲಿ ಸೈಟ್ ಖಾಲಿ ಅನ್ನುತ್ತಾರೆ. ದುಡ್ಡಿನ ಲೆಕ್ಕ ನಾನು ಹಾಕಿಕೊಳ್ಳುತ್ತೇನೆ. ನನಗೆ ತಿಳಿಯಬೇಕಿರುವುದು ಬೇರೆ. ನಮ್ಮದೊಂದು ಮನೆಯಿಂದ ಊರಿಗೆ, ಕೆರೆಗೆ, ಗುಡ್ಡಕ್ಕೆ ನಿಜವಾಗಿ ಏನಾದರೂ ಆಗುತ್ತದೆಯೇ? ಎಲ್ಲರೂ ಹೀಗೇ ಮಾಡಿದರೆ ಕ್ವಾರಿ, ಕ್ರಷರ್, ಇಟ್ಟಿಗೆ ಗೂಡು ನಂಬಿಕೊಂಡವರ ಗತಿ ಏನು?

ಉತ್ತರ: ನಾನು ದಾವಣಗೆರೆಯಲ್ಲಿ ಕಟ್ಟಡ ಸಾಮಗ್ರಿಗಳ ಬಗ್ಗೆ ಪಾಠ ಮಾಡುತ್ತಾ, ಮನೆ ಕಟ್ಟುವವರ ಜೊತೆ ಓಡಾಡುತ್ತಾ ಬಹಳ ವರ್ಷ ಕಳೆದವನು. ಈ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ 'ಎಷ್ಟು ಉಳಿಯುತ್ತೆ ಸಾರ್' ಅಂತ ಕೇಳುತ್ತಾರೆ. ಕ್ವಾರಿಯಲ್ಲಿ ದುಡಿಯುವವರ ಗತಿ ಏನು ಅಂತ ಕೇಳಿದವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಮನೆಯನ್ನು ಪೂರ್ತಿ ಕೆಡವಲೇಬೇಕಾ? ಮುಂದಿನ ಅರ್ಧದ ಮಣ್ಣಿನ ಗೋಡೆ ನೆಟ್ಟಗಿದೆಯಾ? ಬುಡದಲ್ಲಿ ತೇವ ಏರಿದೆಯಾ? ತೊಲೆ ಗೋಡೆಯೊಳಗೆ ಕೂತಿರುವ ತುದಿಯಲ್ಲಿ ಗೆದ್ದಲು ಹಿಡಿದಿದೆಯಾ? ಈ ಮೂರನ್ನು ನೋಡಿಸಿ. ಗೋಡೆ ಗಟ್ಟಿ ಇದ್ದು ಮಾಳಿಗೆ ಮಾತ್ರ ಸೋರುತ್ತಿದ್ದರೆ ಮಾಳಿಗೆ ರಿಪೇರಿ ಮಾಡಿ, ಹಿಂದಿನ ಅರ್ಧ ಮಾತ್ರ ಹೊಸದಾಗಿ ಕಟ್ಟಬಹುದು. ಎರಡಡಿ ದಪ್ಪದ ಮಣ್ಣಿನ ಗೋಡೆಯ ಒಳಗೆ ದುರ್ಗದ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಕೆಡವದೇ ಉಳಿಸಿಕೊಂಡ ಗೋಡೆಗಿಂತ ದೊಡ್ಡ ಮರುಬಳಕೆ ಯಾವುದೂ ಇಲ್ಲ. ಅದಕ್ಕೆ ಲಾರಿ ಬೇಡ, ಯಂತ್ರ ಬೇಡ, ಹೊಸ ಸಿಮೆಂಟೂ ಬೇಡ. ನಿಮ್ಮ ಮಗಳು ಹೇಳಿದ ದೊಡ್ಡ ಹೆಸರಿನ ಮೊದಲ ಮೆಟ್ಟಿಲು ಇದೇ. ಎಲ್ಲರೂ ದಾಟಿ ಹೋಗುವ ಮೆಟ್ಟಿಲೂ ಇದೇ.

ನೋಡಿಸಿದ ಮೇಲೂ ಕೆಡವಲೇಬೇಕು ಅಂತ ಆಯಿತು ಅಂದುಕೊಳ್ಳೋಣ. ಎಷ್ಟು ಬೀಳುತ್ತದೆ? ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಳಸುವ ಅಂದಾಜು ಹೀಗಿದೆ: ಪಕ್ಕಾ ಕಟ್ಟಡ ಕೆಡವಿದರೆ ಚದರ ಮೀಟರಿಗೆ ಸುಮಾರು 500 ಕಿಲೋ, ಅರೆಪಕ್ಕಾ ಆದರೆ 300 ಕಿಲೋ. ನಿಮ್ಮ 1,200 ಚದರ ಅಡಿ ಅಂದರೆ ಸುಮಾರು 111 ಚದರ ಮೀಟರ್. ಅರ್ಧ ಹಾಗೆ, ಅರ್ಧ ಹೀಗೆ ಲೆಕ್ಕ ಹಾಕಿದರೂ 45 ಟನ್ ಹತ್ತಿರ ಬರುತ್ತದೆ. ಟ್ರ್ಯಾಕ್ಟರಿಗೆ 3 ಟನ್ ಅಂದರೆ 15 ಲೋಡ್. ಹಳೇ ಮಣ್ಣಿನ ಗೋಡೆ ದಪ್ಪ ಇರುವುದರಿಂದ ನಿಮ್ಮಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿಯೇ ಬೀಳಬಹುದು.

ಈ ಲೋಡುಗಳು ಎಲ್ಲಿಗೆ ಹೋಗುತ್ತವೆ? ಇದನ್ನು ಕೆಡವುವವರ ಹತ್ತಿರ ಕೆಲಸಕ್ಕೆ ಮುಂಚೆಯೇ ಬಾಯಿಬಿಟ್ಟು ಕೇಳಿ. 'ಅದೆಲ್ಲ ನಾವು ನೋಡಿಕೊಳ್ತೀವಿ' ಅಂತ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ರಾತ್ರಿ ಹೊತ್ತು ಊರಾಚೆಯ ಹಳ್ಳದಲ್ಲಿ, ರಸ್ತೆ ಬದಿಯ ತಗ್ಗಿನಲ್ಲಿ, ಕೆರೆ ಅಂಗಳದ ಅಂಚಿನಲ್ಲಿ ಸುರಿದು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆರೆಗೆ ಇದರಿಂದ ಆಗುವ ಕೆಟ್ಟದ್ದು ನೀರಿನ ಮೇಲೆ ಮೊದಲು ಕಾಣುವುದಿಲ್ಲ. ಕೆರೆಗೆ ನೀರು ತರುವ ಹಳ್ಳದ ದಾರಿ ಮೊದಲು ಮುಚ್ಚುತ್ತದೆ. ಒಂದು ಮಳೆಗಾಲ ನೀರು ಬೇರೆ ಕಡೆ ತಿರುಗುತ್ತದೆ. ಇನ್ನೆರಡು ವರ್ಷಕ್ಕೆ ಆ ಜಾಗ ಸಮತಟ್ಟಾಗಿ ಸೈಟಿನ ಹಾಗೆ ಕಾಣಲು ಶುರುವಾಗುತ್ತದೆ. ಚಿತ್ರದುರ್ಗದಂಥ ಕಡಿಮೆ ಮಳೆಯ ಊರಿಗೆ ಇದು ಸಣ್ಣ ವಿಷಯ ಅಲ್ಲ. ಕೋಟೆಯ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡದಲ್ಲಿ ಹಿಡಿದಿಟ್ಟುಕೊಂಡು ಬಾಳಿದ ಊರು ಇದು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಮೊದಲ ಉತ್ತರ: ಹೌದು, ಆಗುತ್ತದೆ. ನಿಮ್ಮ 15 ಲೋಡ್ ಯಾವುದೋ ಒಂದು ಹಳ್ಳಕ್ಕೆ ಹೋಗದೇ ಉಳಿಯುತ್ತದೆ.

ಗುಡ್ಡದ ಲೆಕ್ಕ ಇಷ್ಟು ಸುಲಭ ಇಲ್ಲ. ಇಲ್ಲಿ ನಾನು ನಂಬುವ ಒಂದು ಪರೀಕ್ಷೆ ಇದೆ. ಹಳೆಯ ವಸ್ತು ಹೊಸ ವಸ್ತುವಿನ ಜಾಗದಲ್ಲಿ ಕೂತಿತಾ? ಕೂತಿದ್ದರೆ ಮಾತ್ರ ಗುಡ್ಡಕ್ಕೆ ಲಾಭ. ನಿಮ್ಮ ಹಳೇ ಸೈಜುಗಲ್ಲನ್ನು ಪಾಯಕ್ಕೆ ಹಾಕಿ, ಅಷ್ಟು ಹೊಸ ಕಲ್ಲು ತರುವುದು ತಪ್ಪಿದರೆ ಅದು ಲೆಕ್ಕಕ್ಕೆ ಬಂತು. ಅದೇ ಕಲ್ಲನ್ನು ಮನೆಯ ಮುಂದೆ ಚೆಂದಕ್ಕೆ ಜೋಡಿಸಿ, ಪಾಯಕ್ಕೆ ಹೊಸ ಕಲ್ಲನ್ನೇ ತರಿಸಿದರೆ ಗುಡ್ಡಕ್ಕೆ ಏನೂ ಸಿಗಲಿಲ್ಲ. ಇನ್ನೊಂದು ಬಗೆಯೂ ಇದೆ. ಹಳೇ ಸಾಮಾನಿನಿಂದ ಎರಡು ಲಕ್ಷ ಉಳಿಯಿತು ಅಂತ ಮೇಲೊಂದು ರೂಮು ಜಾಸ್ತಿ ಕಟ್ಟಿಸಿದರೆ, ಉಳಿಸಿದ ಜಲ್ಲಿ, ಸಿಮೆಂಟು ಆ ರೂಮಿಗೇ ಹೋಯಿತು. ಓದಿದ ಪಂಡಿತರೂ ಇದನ್ನು ಎಷ್ಟೋ ಸಲ ಮರೆಯುತ್ತಾರೆ.

ನೆದರ್ಲೆಂಡ್ಸ್ ದೇಶದಲ್ಲಿ ಕೆಡವಿದ ಕಟ್ಟಡದ ತ್ಯಾಜ್ಯದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮತ್ತೆ ಬಳಕೆಗೆ ಬರುತ್ತದೆ. ಕೇಳಿದರೆ ಕೆಲಸ ಮುಗಿದೇ ಹೋಗಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಬಹುಪಾಲು ಪುಡಿಯಾಗಿ ರಸ್ತೆಯ ಅಡಿಗೆ ಹೋಗುತ್ತದೆ. ಹೊಸ ಕಟ್ಟಡಕ್ಕೆ ಹೊಸ ಜಲ್ಲಿ, ಹೊಸ ಸಿಮೆಂಟೇ ಬರುತ್ತದೆ. ಅದಕ್ಕೇ ಅವರು 2050ಕ್ಕೆ ಪೂರ್ತಿ ಸರ್ಕ್ಯುಲರ್ ಆಗಬೇಕು ಅಂತ ಬೇರೆಯೇ ಗುರಿ ಇಟ್ಟುಕೊಂಡಿದ್ದಾರೆ. ಇಟ್ಟಿಗೆ ಇಟ್ಟಿಗೆಯಾಗಿಯೇ, ತೊಲೆ ತೊಲೆಯಾಗಿಯೇ ಉಳಿಯುವುದು ಒಂದು. ಎಲ್ಲವನ್ನೂ ಪುಡಿ ಮಾಡಿ ತಗ್ಗಿಗೆ ತುಂಬುವುದು ಇನ್ನೊಂದು. ಇವೆರಡಕ್ಕೂ ಒಂದೇ ಹೆಸರು ಇಟ್ಟರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ.

ನಿಮ್ಮ ಮನೆಯಲ್ಲಿ ಏನೇನು ಹಾಗೇ ಉಳಿಯುತ್ತದೆ ನೋಡೋಣ.

ಮರ ಮೊದಲು. ಸಾಗುವಾನಿ, ಹೊನ್ನೆ, ಮತ್ತಿ ತೊಲೆಗಳಾದರೆ ಒಳಗಿನ ತಿರುಳು ಇನ್ನೂ ಗಟ್ಟಿ ಇರುವ ಸಾಧ್ಯತೆ ಹೆಚ್ಚು. ಸುತ್ತಿಗೆಯಿಂದ ತಟ್ಟಿ ನೋಡಿಸಿ. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಟೊಳ್ಳು. ಕೊಯ್ಯುವ ಮುಂಚೆ ಮೊಳೆ ಪೂರ್ತಿ ಕೀಳಿಸಬೇಕು, ಇಲ್ಲದಿದ್ದರೆ ಸಾಮಿಲ್‌ನವರು ಗರಗಸದ ಹತ್ತಿರವೂ ಬಿಡುವುದಿಲ್ಲ. ಹಳೇ ಮನೆಯ ಮರ ಹೊಸ ಮನೆಗೆ ಆಗಿಬರುವುದಿಲ್ಲ ಅಂತ ಹಿರಿಯರು ಹೇಳಿದರೆ ಜಗಳ ಬೇಡ. ನಿಮ್ಮದು ನಿಮ್ಮ ಅಜ್ಜನ ಮನೆಯದೇ ಮರ. ಮನೆತನದ ಬಾಗಿಲನ್ನು ಮುಂದಿನ ಮನೆಗೂ ಇಟ್ಟುಕೊಂಡು ಬಂದ ಕುಟುಂಬಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ.

ಇಟ್ಟಿಗೆಯ ಮಾತು ಅಪ್ಪ ಬಳಸಿದ ಗಾರೆಯ ಮೇಲೆ ನಿಂತಿದೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಕತ್ತಿಯಲ್ಲಿ ಕೆರೆದರೆ ಬಿಟ್ಟುಕೊಳ್ಳುತ್ತದೆ, ಇಟ್ಟಿಗೆ ಇಡಿಯಾಗಿ ಸಿಗುತ್ತದೆ. ಸಿಮೆಂಟ್ ಜಾಸ್ತಿ ಹಾಕಿದ ಗಾರೆ ಇಟ್ಟಿಗೆಗಿಂತ ಗಟ್ಟಿ. ಬಿಡಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಒಡೆದರೂ ಚಿಂತೆ ಇಲ್ಲ. ಇಟ್ಟಿಗೆ ಜಲ್ಲಿ ಮಾಡಿಸಿ ಸುಣ್ಣದ ಜೊತೆ ತಾರಸಿಗೆ ಹಾಕಿದರೆ ಕೆಳಗಿನ ರೂಮು ತಂಪಾಗಿರುತ್ತದೆ. ಇದು ನಮ್ಮ ಹಿರಿಯರ ಪದ್ಧತಿ. ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಬೆರೆಸಿದರೆ ಸುರ್ಕಿ ಗಾರೆ. ಕನ್ನಂಬಾಡಿ ಕಟ್ಟೆ ಎದ್ದು ನಿಂತದ್ದು ಅದೇ ಗಾರೆಯಲ್ಲಿ. ನಿಮ್ಮ ಪಕ್ಕದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ, ಅದೂ ಸುಣ್ಣದ ಗಾರೆಯ ಕಾಲ. ಮಾರಿಕಣಿವೆಯ ಆ ಕಟ್ಟೆ ಇವತ್ತಿಗೂ ನೀರು ಹಿಡಿದು ನಿಂತಿದೆ. ಹೊಸ ಮನೆಯ ಗೋಡೆಗೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳಿನ ಗಾರೆ ಸಾಕಾಗುತ್ತದಾ ಅಂತ ನಿಮ್ಮ ಇಂಜಿನಿಯರನ್ನು ಕೇಳಿ. ಹಾಗೆ ಕಟ್ಟಿದರೆ ನಿಮ್ಮ ಮೊಮ್ಮಕ್ಕಳಿಗೂ ಇಟ್ಟಿಗೆ ಇಡಿಯಾಗಿ ಸಿಗುತ್ತದೆ.

ಈಗ ಮಣ್ಣು. ನನ್ನ ಪ್ರಕಾರ ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಇದೇ, ಮೇಸ್ತ್ರಿ ಮೊದಲು ಹೊರಗೆ ಹಾಕುವುದೂ ಇದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ 'ಆಸ್ತ್ರ' ಅನ್ನುವ ವಿಭಾಗ ಶುರುವಾಯಿತು. ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಅಲ್ಲಿ ಒತ್ತು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡುವ ಕೆಲಸವೇ ಇಲ್ಲ. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸುಟ್ಟ ಇಟ್ಟಿಗೆ ಗೋಡೆಗೆ ಖರ್ಚಾಗುವ ಇಂಧನ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಮಾತ್ರ ಇದಕ್ಕೆ ಸಾಕು.

ಆದರೆ ಯಾವ ಮಣ್ಣಾದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಗೋಡೆಯ ಕೆಮ್ಮಣ್ಣು ಒಳ್ಳೆಯದು. ಎರೆ ಮಣ್ಣು ಆಗುವುದಿಲ್ಲ, ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮಾಳಿಗೆಯ ಮೇಲೆ ಸೋರದಂತೆ ಚೌಳು ಮಣ್ಣು ಹಾಸಿದ್ದರೆ ಅದನ್ನು ಬೇರೆ ಗುಡ್ಡೆ ಹಾಕಿಸಿ. ಅದರ ಉಪ್ಪು ಗೋಡೆಯ ಮಣ್ಣಿಗೆ ಸೇರಿದರೆ ಇಟ್ಟಿಗೆಯೂ ಕೆಡುತ್ತದೆ, ಗಿಲಾವೂ ಉದುರುತ್ತದೆ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಅಲ್ಲಾಡಿಸಿ ಒಂದು ದಿನ ಇಟ್ಟರೆ ಮರಳೆಷ್ಟು, ಜಿಗುಟೆಷ್ಟು ಅಂತ ಪದರ ಪದರವಾಗಿ ಕಾಣುತ್ತದೆ. ನೂರಕ್ಕೆ 65ರಿಂದ 70 ಮರಳು, 10ರಿಂದ 15 ಜಿಗುಟು ಇದ್ದರೆ ಒಳ್ಳೆಯ ಮಣ್ಣು.

ಇದರ ಫಲ ನಿಮ್ಮ ಕಾಂಪೌಂಡ್ ದಾಟಿ ಎಲ್ಲಿಗೆ ಮುಟ್ಟುತ್ತದೆ ಗೊತ್ತಾ? ಹೊಲಕ್ಕೆ. ಇಟ್ಟಿಗೆ ಗೂಡಿಗೆ ಹೋಗುವುದು ಬಹುಪಾಲು ಹೊಲದ ಮೇಲ್ಮಣ್ಣು. ನಮ್ಮ ಭದ್ರಾ ನಾಲೆ ಕಡೆಯ ಗದ್ದೆಯ ರೈತ ಒಂದು ವರ್ಷದ ಕಷ್ಟಕ್ಕೆ ಆ ಒಂದಡಿ ಮಣ್ಣು ಮಾರಿದರೆ ಅದು ಮತ್ತೆ ಕೂಡುವುದು ಅವನ ಜೀವಮಾನದಲ್ಲಿ ಆಗುವ ಮಾತಲ್ಲ. ನೀವು ನಿಮ್ಮ ಗೋಡೆಯ ಮಣ್ಣನ್ನು ನಿಮ್ಮ ಗೋಡೆಗೇ ಬಳಸಿದರೆ ಎಲ್ಲೋ ಒಂದು ಗದ್ದೆಯ ಮಣ್ಣು ಗದ್ದೆಯಲ್ಲೇ ಉಳಿಯುತ್ತದೆ.

ಹಿಂದಿನ ಅರ್ಧದ ಕಾಂಕ್ರೀಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಒಡೆದ ಕಾಂಕ್ರೀಟಿನ ಜಲ್ಲಿ ಬಳಸಲು ನಮ್ಮ ಐಎಸ್ 383 ಮಾನದಂಡ 2016ರಿಂದಲೇ ಒಪ್ಪಿಗೆ ಕೊಟ್ಟಿದೆ. ಎಂ15ಕ್ಕಿಂತ ಕೆಳಗಿನ ಬೆಡ್ ಕಾಂಕ್ರೀಟಿಗೆ ಪೂರ್ತಿ ಅದನ್ನೇ ಹಾಕಬಹುದು (ಎಂ ಅಂದರೆ ಕಾಂಕ್ರೀಟಿನ ಗಟ್ಟಿತನದ ದರ್ಜೆ, ಸಂಖ್ಯೆ ಏರಿದಷ್ಟೂ ಗಟ್ಟಿ). ಕಬ್ಬಿಣ ಹಾಕಿದ ಕಾಂಕ್ರೀಟಿಗೆ ನೂರಕ್ಕೆ 20ರ ಒಳಗೆ, ಅದೂ ಎಂ25ರ ತನಕ ಮಾತ್ರ. ಪಾಯದ ಕೆಳಗಿನ ಬೆಡ್ಡಿಗೆ ಬಳಸಿ, ಕಾಲಮ್ಮಿಗೆ ಕೈ ಹಾಕಬೇಡಿ. ಈ ಜಲ್ಲಿ ನೀರು ಜಾಸ್ತಿ ಹೀರುತ್ತದೆ, ಮೊದಲೇ ನೆನೆಸಿಡಬೇಕು. ಹಳೇ ಕಬ್ಬಿಣದ ಸರಳನ್ನು ನೆಟ್ಟಗೆ ಮಾಡಿ ಮತ್ತೆ ಸ್ಲ್ಯಾಬಿಗೆ ಹಾಕುವುದು ಬೇಡವೇ ಬೇಡ. ಗುಜರಿಗೆ ಕೊಡಿ, ಕರಗಿ ಹೊಸ ಸರಳಾಗಿ ಬರುತ್ತದೆ. ಹೊಸದಾಗಿ ಕೊಳ್ಳುವ ಸಿಮೆಂಟ್ ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟ್ ಇರಲಿ. ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟ ಅದರೊಳಗೆ ಕೂತು ಸುಣ್ಣದಕಲ್ಲಿನ ಜಾಗ ಹಿಡಿಯುತ್ತವೆ. ಪಿಪಿಸಿಯಲ್ಲಿ ನೂರಕ್ಕೆ 15ರಿಂದ 35ರ ತನಕ ಹಾರುಬೂದಿ ಇರುತ್ತದೆ. ಇವುಗಳಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಅವಸರ ಮಾಡಬೇಡಿ. ದಾವಣಗೆರೆಯವರು ಮಂಡಕ್ಕಿ ಭಟ್ಟಿಯ ಬೂದಿ ಹಾಕಬಹುದಾ ಅಂತ ನನ್ನನ್ನು ಆಗಾಗ ಕೇಳುತ್ತಾರೆ. ಭತ್ತದ ಹೊಟ್ಟನ್ನು ಹದವಾದ ಶಾಖದಲ್ಲಿ ಸುಟ್ಟ ಬೂದಿ ಒಳ್ಳೆಯದೇ. ಆದರೆ ಸಿಕ್ಕಿದ್ದೆಲ್ಲ ಉರಿಸಿದ ಒಲೆಯ ಬೂದಿಯನ್ನು ಪರೀಕ್ಷೆ ಮಾಡಿಸದೇ ಗಾರೆಗೆ ಹಾಕಬಾರದು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ದುಡಿಯುವವರದ್ದು.

ಕ್ವಾರಿ, ಕ್ರಷರ್ ನಾಳೆಯೇ ಮುಚ್ಚುವುದಿಲ್ಲ. ನಮ್ಮ ಊರುಗಳು ಬೆಳೆಯುತ್ತಿವೆ. ಕೆಡವುವುದಕ್ಕಿಂತ ಕಟ್ಟುವುದು ಎಷ್ಟೋ ಪಟ್ಟು ಜಾಸ್ತಿ. ಕೆಡವಿದ್ದೆಲ್ಲವನ್ನೂ ಒಂದು ಚೂರೂ ಬಿಡದೇ ಬಳಸಿದರೂ ಬೇಕಾದ ಜಲ್ಲಿಯ ಸಣ್ಣ ಪಾಲು ಮಾತ್ರ ಅದರಿಂದ ಬರುತ್ತದೆ. ಆದ್ದರಿಂದ ಇವತ್ತಿನ ಕೆಲಸಗಾರನ ಅನ್ನಕ್ಕೆ ಕಲ್ಲು ಬೀಳುವುದಿಲ್ಲ. ಮುಂದಿನ ಗುಡ್ಡ ತೆರೆಯುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಕ್ರಷರ್ ಪಕ್ಕದ ಹಳ್ಳಿಯಲ್ಲಿ ದೂಳು ಕುಡಿದು ಬದುಕುವವರಿಗೆ ಆ ತಡವೇ ದೊಡ್ಡದು.

ಹೊಸ ಕೆಲಸ ಹುಟ್ಟುತ್ತದಾ? ಹುಟ್ಟುತ್ತದೆ. ಜೆಸಿಬಿ ಎರಡು ದಿನದಲ್ಲಿ ಮುಗಿಸುವುದನ್ನು ಕೈಯಲ್ಲಿ ಬಿಡಿಸಲು ಆರೇಳು ಜನಕ್ಕೆ ಎರಡು ಮೂರು ವಾರ ಬೇಕು. ಬಡಗಿಗೆ, ಇಟ್ಟಿಗೆ ಕೆರೆಯುವ ಹೆಣ್ಣುಮಕ್ಕಳಿಗೆ, ಮಣ್ಣಿನ ಇಟ್ಟಿಗೆ ಒತ್ತುವವರಿಗೆ ಕೂಲಿ ಸಿಗುತ್ತದೆ. ಯಂತ್ರದ ಬಾಡಿಗೆಗೆ, ದೂರದ ಕಾರ್ಖಾನೆಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ಊರಲ್ಲೇ ನಿಲ್ಲುತ್ತದೆ. ಆದರೆ ಅದು ಒಳ್ಳೆಯ ಕೆಲಸವಾ ಅನ್ನುವುದು ನಿಮ್ಮ ಕೈಯಲ್ಲಿದೆ. ಕೆಲವು ವರ್ಷಗಳ ಹಿಂದೆ ನಾನು ಸಲಹೆ ಕೊಟ್ಟ ಒಂದು ಮನೆಯಲ್ಲಿ ಇಟ್ಟಿಗೆಗೆ ಇಷ್ಟು ಅಂತ ಲೆಕ್ಕದ ಕೂಲಿ ಗೊತ್ತು ಮಾಡಿದ್ದರು. ಮುಖಕ್ಕೆ ಬಟ್ಟೆ ಕೂಡ ಇಲ್ಲದೇ ಒಬ್ಬ ತಾಯಿ ದಿನವಿಡೀ ಕೆಮ್ಮುತ್ತಾ ಇಟ್ಟಿಗೆ ಕೆರೆಯುತ್ತಿದ್ದರು. ನಾನು ಇಟ್ಟಿಗೆಯ ಲೆಕ್ಕ ಬರೆದುಕೊಂಡು ಬಂದೆ, ಮಾಸ್ಕಿನ ಮಾತು ಎತ್ತಲಿಲ್ಲ. ಆ ಕೆಮ್ಮು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲಿಂದ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ: ನೀರು ಚಿಮುಕಿಸಿ ಕೆಡವಿಸಿ, ಒಳ್ಳೆಯ ಮಾಸ್ಕ್, ಗ್ಲೌಸ್, ಹೆಲ್ಮೆಟ್ ನೀವೇ ಕೊಡಿಸಿ, ದಿನಗೂಲಿ ಕೊಡಿ. ಕಟ್ಟಡ ಕೆಡವುವುದೂ ಕಾನೂನಿನ ಪ್ರಕಾರ ಕಟ್ಟಡ ಕೆಲಸವೇ. ವರ್ಷದಲ್ಲಿ 90 ದಿನ ದುಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ನಿಮ್ಮಲ್ಲಿ ದುಡಿದ ದಿನಗಳಿಗೆ ಒಂದು ಚೀಟಿ ಬರೆದುಕೊಟ್ಟರೆ ಅವರಿಗೆ ಅನುಕೂಲ.

ಎಲ್ಲ ಹಳೆಯದೂ ಒಳ್ಳೆಯದಲ್ಲ ಅನ್ನುವುದನ್ನೂ ಹೇಳಬೇಕು. ಹಿತ್ತಲ ಕಡೆ ಹಳೇ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆಯಬೇಡಿ, ಕೊಯ್ಯಬೇಡಿ, ದನದ ಕೊಟ್ಟಿಗೆಗೆ ಅಂತ ಯಾರಿಗೂ ಕೊಡಲೂಬೇಡಿ. ನೀರು ಹಾಕಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಗರಸಭೆಯವರನ್ನು ಕೇಳಿ ಸಾಗಿಸಿ. ಹಳೇ ಬಾಗಿಲಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿಸಬೇಡಿ, ಮಕ್ಕಳನ್ನು ದೂರ ಇಡಿ.

ಇನ್ನೊಂದು ಆತಂಕ ನನ್ನದು. ಹಳೇ ಮರಕ್ಕೆ ಬೆಲೆ ಏರಿದಷ್ಟೂ ಗಟ್ಟಿಮುಟ್ಟಾದ ಮನೆಗಳನ್ನೂ ಮರಕ್ಕಾಗಿಯೇ ಕೆಡವುವ ಚಾಳಿ ಬರುತ್ತದೆ. ತಮಿಳುನಾಡಿನ ಚೆಟ್ಟಿನಾಡಿನ ದೊಡ್ಡ ಮನೆಗಳ ಕಂಬ, ಬಾಗಿಲು ಹೀಗೇ ಬಿಡಿಬಿಡಿಯಾಗಿ ಊರೂರಿಗೆ ಮಾರಾಟವಾದವು. ನಿಮ್ಮ ತೊಲೆಗಳಿಗೆ ರೆಸಾರ್ಟಿನವರು ಒಳ್ಳೆಯ ಬೆಲೆ ಹೇಳಬಹುದು. ಮಾರುವುದು ನಿಮ್ಮಿಷ್ಟ. ನನ್ನ ಮನಸ್ಸು ಮಾತ್ರ, ಅವು ನಿಮ್ಮ ಹೊಸ ಮನೆಯಲ್ಲೇ ಇರಲಿ ಅನ್ನುತ್ತದೆ.

ಸರ್ಕಾರದ ನಿಯಮ 2016ರಲ್ಲೇ ಬಂದಿತ್ತು. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್, ಇಲ್ಲವೇ ಅದಕ್ಕೂ ಹೆಚ್ಚು ಬೀಳಿಸುವವರು ಬೇರೆ ಬೇರೆ ಮಾಡಿ, ಮೊದಲೇ ಯೋಜನೆ ಕೊಡಬೇಕು ಅಂತ ಅದು ಹೇಳಿತ್ತು. ಗಮನಿಸಿ, ನಿಮ್ಮ ಮನೆಯನ್ನು ಜೆಸಿಬಿಯಲ್ಲಿ ಎರಡೇ ದಿನಕ್ಕೆ ಕೆಡವಿದ್ದರೆ ಆ ನಿಯಮದ ದಿನದ 20 ಟನ್ ದಾಟಿಯೇ ದಾಟುತ್ತಿತ್ತು. ಅದರ ಬದಲಿಗೆ 2025ರಲ್ಲಿ ಹೊರಡಿಸಿದ ಹೊಸ ನಿಯಮದ ಜಾರಿಯ ದಿನ 2026ರ ಏಪ್ರಿಲ್ 1. ಅದು ಮರುಬಳಕೆಯ ಹೊಣೆಯನ್ನು 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲಿನ ಯೋಜನೆಗಳ ಮೇಲೆ ಹಾಕುತ್ತದೆ. ನಿಮ್ಮಂಥ ಮನೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ಕೆಡವುವುದು ಬಹುಪಾಲು ನಿಮ್ಮಂಥ ಮನೆಗಳನ್ನೇ. ಹಾಗಾಗಿ ನಿಮ್ಮ ಬೀದಿಯ ಹಳ್ಳವನ್ನು ಉಳಿಸುವವರು ನೀವು, ನಿಮ್ಮ ಮೇಸ್ತ್ರಿ.

ಅವರನ್ನು ಎದುರು ಹಾಕಿಕೊಳ್ಳಬೇಡಿ. ಒಂದು ಸಂಜೆ ಮನೆಗೆ ಕರೆದು, ಚಹಾ ಕೊಟ್ಟು, ಒಟ್ಟಿಗೆ ಮನೆ ಸುತ್ತಿ ನೋಡಿ. ಮಗಳ ಕೈಗೆ ಸೀಮೆಸುಣ್ಣ ಕೊಡಿ. ಉಳಿಸುವ ತೊಲೆ, ಕಂಬ, ಬಾಗಿಲು, ಕಲ್ಲು ಒಂದೊಂದಕ್ಕೂ ನಂಬರ್ ಹಾಕಲಿ, ಉದ್ದ ಅಗಲ ಬರೆದುಕೊಳ್ಳಲಿ. ಆ ಪಟ್ಟಿ ಹೊಸ ಮನೆಯ ಪ್ಲ್ಯಾನ್ ಬರೆಯುವ ಮುಂಚೆಯೇ ಇಂಜಿನಿಯರ್ ಕೈ ಸೇರಬೇಕು. ಹನ್ನೆರಡಡಿ ತೊಲೆ ಇದೆ ಅಂತ ಮೊದಲೇ ಗೊತ್ತಿದ್ದರೆ ಹನ್ನೆರಡಡಿ ತೊಲೆಗೆ ಸರಿಯಾಗುವ ಪಡಸಾಲೆ ಬರೆಯುತ್ತಾರೆ. ಪ್ಲ್ಯಾನ್ ಆದ ಮೇಲೆ ಕೊಟ್ಟರೆ ತೊಲೆಯನ್ನು ಕೊಯ್ದು ತುಂಡು ಮಾಡಬೇಕಾಗುತ್ತದೆ.

ಕೆಡವುವ ಕೆಲಸ ಮೇ ಒಳಗೆ ಮುಗಿಸಿ. ಜೂನ್ ಮಳೆ ಹಿಡಿದರೆ ಗೋಡೆಯ ಮಣ್ಣು ಕೆಸರಾಗುತ್ತದೆ, ಜರಡಿ ಹಿಡಿಯಲು ಬರುವುದಿಲ್ಲ. ಮಣ್ಣಿನ ಗುಡ್ಡೆಗೆ ತಾಡಪಾಲು ಹೊದೆಸಿ. ಮರವನ್ನು ನೆಲಕ್ಕೆ ತಾಗದಂತೆ ಎರಡು ಸಾಲು ಕಲ್ಲಿನ ಮೇಲೆ, ನಡುವೆ ಗಾಳಿ ಆಡುವ ಹಾಗೆ, ನೆರಳಿನಲ್ಲಿ ಪೇರಿಸಿ.